ಪೆಟ್ರೋಲ್ ಸೋಸುವ ಬಟ್ಟೆ

ಹೊಳೆಯ ನಟ್ಟನಡುವೆ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಎಂಟು ದಿನದಲ್ಲಿ ಇದು ನಾಲ್ಕನೆಯ ಸಲ. ಪೂರ್ಣಿಮಾ ಹಗ್ಗ ಎಳೆದಳು, ಮತ್ತೆ ಎಳೆದಳು. ಒಂದು ಕ್ಷಣ ಗುರುಗುಟ್ಟಿ ಅದು ಮತ್ತೆ ನಿಂತುಹೋಯಿತು. ದೋಣಿ ಮೂತಿ ತಿರುಗಿಸಿಕೊಂಡು ಕೃಷ್ಣೆಯ ಸೆಳವಿನ ಜೊತೆ ಹೊರಟಿತು.

"ಏನಾತವಾ?" ಎಂದಳು ಬೋರವ್ವ. ಆಚೆ ದಡದ ಊರುಗಳಲ್ಲಿ ಸೀರೆ ಮಾರಿ ರಬಕವಿಗೆ ಮರಳುತ್ತಿದ್ದವಳು, ಪಕ್ಕದಲ್ಲಿದ್ದ ಮೊಮ್ಮಗಳ ರಟ್ಟೆ ಹಿಡಿದುಕೊಂಡಿದ್ದಳು.

"ಏನಿಲ್ಲ ಬಿಡಬೇ. ಎಣ್ಣಿ ಸರಿಯಾಗಿ ಬರವೊಲ್ದು," ಎಂದು ಪೂರ್ಣಿಮಾ ಹುಟ್ಟು ಕೈಗೆತ್ತಿಕೊಂಡಳು.

ಮುಂದೆ ಕುಳಿತಿದ್ದ ಕಾಶಪ್ಪ, ಇಲ್ಲಿ ದೋಣಿ ಯಾರು ನಡೆಸಬೇಕೆಂದು ಗೊತ್ತುಮಾಡುವ ಘಾಟಿನ ಸಮಿತಿಯವನು. ನೀರು ನೋಡುತ್ತಲೇ ಹೇಳಿದ: "ನಾಲ್ಕ ಗಂಟೇಕ ದೋಣಿ ಪರೀಕ್ಷಾ ಐತಿ, ನೆನಪೈತಲ್ಲ? ಮೂರ ಸಲ ಹೋಗಿ ಬರಬೇಕು. ನಡುವ ನಿಂತ್ರ ಈ ಮಳಿಗಾಲ ದೋಣಿ ನಡಸೂದು ಅಂಬಿಗರ ಗೂಳಪ್ಪನ ಕೈಗೆ. ನಾ ಏನೂ ಮಾಡಾಕ ಬರೂದಿಲ್ಲ."

ದೋಣಿ ಹೆಂಗಸರ ಸಂಘದ್ದು. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದ ಪವರ್‌ಲೂಮ್ ಮುಚ್ಚಿದಾಗ ಪೂರ್ಣಿಮಾ ಇದನ್ನು ನಡೆಸಲು ಕಲಿತಳು. ಮೊದಲ ವಾರ, ಇವಳು ಯಾವತ್ತು ಮುಳುಗಿಸುತ್ತಾಳೆ ಎಂದು ಚಹಾದಂಗಡಿಯಲ್ಲಿ ಪಂದ್ಯ ಕಟ್ಟಿದ ಗಂಡಸರು ಈಗ ಮೂರು ವರ್ಷದಿಂದ ಅವಳ ದೋಣಿಯಲ್ಲೇ ದಾಟುತ್ತಿದ್ದಾರೆ. ಪೆಟ್ರೋಲಿನ ಕೆಲಸ ಮಾತ್ರ ಗಂಡ ರಾಜಕುಮಾರನದು. ದಿನಾ ಬೆಳಿಗ್ಗೆ ಎರಡು ಮಡಿಕೆ ನೂಲಿನ ಬಟ್ಟೆಯಲ್ಲಿ ಸೋಸಿ, ಟಾಕಿ ತುಂಬಿ, ಹೆಗಲ ಮೇಲೆ ಹೊತ್ತು ಘಾಟಿಗೆ ತಂದಿಡುತ್ತಿದ್ದ. "ನಮ್ಮನಿಯವರು ಸೋಸಿದ್ದರಾಗ ಕಸ ಹುಡುಕಬ್ಯಾಡ್ರಿ," ಎಂದು ಅವಳು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ಈಗ ಹುಟ್ಟು ಹಾಕುತ್ತ ದಡ ಸೇರಿದಾಗ, ಮೊಣಕಾಲುದ್ದ ನೀರಿಗಿಳಿದು ದೋಣಿ ಎಳೆದುಕೊಂಡವನೂ ಅವನೇ. "ಮತ್ತ ನಿಂತೇನು? ಈ ಎಂಜಿನ್ ಮುಗದೈತಿ ಪೂರ್ಣಿಮಾ. ಗೂಳಪ್ಪ ನಡಸಲಿ ಬಿಡು. ನಾವು ಮನ್ಯಾಗ ಒಂದ ಮಗ್ಗ ಹಚ್ಚೋಣು." ಆ ದನಿಯಲ್ಲಿ ಅಕ್ಕರೆ ಇತ್ತು. ಬೋರವ್ವನ ಸೀರೆಯ ಹೊರೆ ಹೊತ್ತು ಅವನು ಮೆಟ್ಟಿಲು ಹತ್ತಿ ಹೋದ.

ಪರೀಕ್ಷೆಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಪ್ಲಗ್ ಬದಲಿಸಿದ್ದಾಗಿತ್ತು, ಫಿಲ್ಟರ್ ತೊಳೆದಿದ್ದಾಗಿತ್ತು. ಪೆಟ್ರೋಲಿಗೆ ನೀರು ಬೆರೆಸಿದ್ದೀರಿ ಎಂದು ಪಂಪಿನವನ ಜೊತೆ ಜಗಳವೂ ಆಗಿತ್ತು. ಈ ಸಲ ಪೂರ್ಣಿಮಾ ಅವಸರ ಮಾಡಲಿಲ್ಲ. ನಿಧಾನಕ್ಕೆ ಓಡುವಾಗ ಎಂಜಿನ್ ಸರಿಯೇ ಇರುತ್ತದೆ, ವೇಗ ಕೊಟ್ಟಾಗಲೇ ಸಾಯುತ್ತದೆ. ದೋಣಿಯನ್ನು ಗೂಟಕ್ಕೆ ಬಿಗಿದು, ಎಂಜಿನ್ನಿಗೆ ಪೂರ್ತಿ ವೇಗ ಕೊಟ್ಟು, ಟಾಕಿಯಿಂದ ಬರುವ ಕೊಳವೆಯ ಮೇಲೆ ಕಣ್ಣಿಟ್ಟಳು. ಕೊಳವೆಯ ನಡುವೆ, ಕೈಯಿಂದ ಒತ್ತಿ ಪೆಟ್ರೋಲ್ ಏರಿಸುವ ರಬ್ಬರ್ ಚೆಂಡು ಇರುತ್ತದೆ. ಅದು ನೋಡನೋಡುತ್ತಲೇ ಕರೆದು ಮುಗಿಸಿದ ಕೆಚ್ಚಲಿನ ಹಾಗೆ ಚಪ್ಪಟೆಯಾಯಿತು.

ಅಂದರೆ ಎಂಜಿನ್ ಎಳೆಯುತ್ತಿದೆ, ಟಾಕಿ ಕೊಡುತ್ತಿಲ್ಲ. ಮುಚ್ಚಳದ ಗಾಳಿ ತಿರುಪು ತೆರೆದೇ ಇತ್ತು. ಕೊಳವೆ ಎಲ್ಲೂ ಮಡಚಿರಲಿಲ್ಲ. ಉಳಿದದ್ದು ಟಾಕಿಯ ಒಳಗು. ನಾಲ್ಕು ಸ್ಕ್ರೂ ಬಿಚ್ಚಿ, ಪೆಟ್ರೋಲ್ ಹೀರುವ ನಳಿಗೆಯನ್ನು ಮೇಲೆತ್ತಿದಳು.

ತುದಿಯಲ್ಲಿ ಜಾಲರಿ ಕಾಣಬೇಕಿತ್ತು. ಅದರ ಸುತ್ತ ಬಟ್ಟೆ ಸುತ್ತಿ ದಾರ ಬಿಗಿದಿತ್ತು. ಕಸ ಹೋಗದಿರಲೆಂದು ಪಾಪ ಕಟ್ಟಿದ್ದಾರೆ, ಎಂದುಕೊಂಡಳು. ಹಾಗೆ ಅಂದುಕೊಳ್ಳುವ ಆಸೆಯೂ ಇತ್ತು. ಆದರೆ ಬಟ್ಟೆಯ ಪದರಿನ ಒಳಗೆ ಪ್ಲಾಸ್ಟಿಕ್ ಹಾಳೆ ಸಿಕ್ಕಿತು, ಅದಕ್ಕೆ ಸೂಜಿಯಿಂದ ಚುಚ್ಚಿದ ಎರಡೇ ತೂತು.

ದಾರದ ಗಂಟು ಅಕ್ಕಿಕಾಳಿಗಿಂತ ಸಣ್ಣದು, ಕಡಿದ ಎಳೆ ಕೂಡಿಸಲು ನೇಕಾರರು ಹಾಕುವಂಥದು. ಎಡಗೈಯವರು ಹಾಕಿದರೆ ಅದರ ತುದಿ ಎದುರು ದಿಕ್ಕಿಗೆ ಹೊರಳುತ್ತದೆ. ಇದರದೂ ಹಾಗೇ ಹೊರಳಿತ್ತು; ರಾಜಕುಮಾರ ಎಡಗೈಯವನು. ಹನ್ನೆರಡು ವರ್ಷ ಒಂದೇ ಮಗ್ಗದಲ್ಲಿ ಅವನ ಎದುರು ಬದಿ ನಿಂತವಳಿಗೆ ಇನ್ನೇನು ಸಾಕ್ಷಿ ಬೇಕು? ಕೇಡಿನ ಕೆಲಸಕ್ಕೂ ಅವನ ಬೆರಳು ಅಚ್ಚುಕಟ್ಟಾದ ಗಂಟನ್ನೇ ಹಾಕಿತ್ತು.

ರಾಜಕುಮಾರ ಮೆಟ್ಟಿಲಿಳಿದು ಬಂದಾಗ ಅವಳು ಅದನ್ನು ಅಂಗೈಯಲ್ಲಿಟ್ಟು ಚಾಚಿದಳು. "ಇದು ಯಾರ ಗಂಟರಿ?"

ಅವನು ನೋಡಿದ. ಕೆಳಗಿನ ಮೆಟ್ಟಿಲ ಮೇಲೆ ಕುಳಿತ.

"ಜೀವಕ್ಕೇನ ಅಪಾಯ ಇರಲಿಲ್ಲ. ಹುಟ್ಟ ಇತ್ತಲ್ಲ," ಎಂದ.

"ಬೋರವ್ವನ ಮೊಮ್ಮಗಳು ಇದ್ಲು ದೋಣ್ಯಾಗ."

"ಚಹಾದಂಗಡ್ಯಾಗ ನನಗ ಏನಂತಾರ ಗೊತ್ತೈತೇನ? ದೋಣಿಯಾಕಿ ಗಂಡ ಬಂದ, ಜಾಗಾ ಬಿಡ್ರಿ ಅಂತಾರ. ನನಗೊಂದ ಹೆಸರೈತಿ ಅನ್ನೂದ ಮರತಾರ."

"ನನ್ನ ಮುಂದ ಹೇಳಬೇಕಿತ್ತು. ನಾ ಪಂಪಿನವನ್ನ ಬೈದ್ನಿ. ನನ್ನ ಕೈಗುಣನ ಕೆಟ್ಟೈತಿ ಅಂತ ಮೊನ್ನಿ ಕುಂತ ಅತ್ನಿ. ನೀವು ಬಾಜೂಕ ಕುಂತು ಕಣ್ಣೀರ ಒರಸಿದ್ರಿ."

ಅಡ್ಡಗಾಲು ಹಾಕಿದ್ದನ್ನು ಅವಳು ಹೇಗಾದರೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಅದೇ ಕೈ ಕಣ್ಣೀರು ಒರೆಸಿತ್ತಲ್ಲ. ಜಾಲರಿ ಒರೆಸಿ, ನಳಿಗೆ ಕೂಡಿಸಿ, ನಾಲ್ಕೂ ಸ್ಕ್ರೂ ಬಿಗಿದಳು. ಅವನು ಸಹಾಯಕ್ಕೆ ಕೈ ಮುಂದೆ ಮಾಡಿದ. "ಬ್ಯಾಡ," ಎಂದಳು.

ನಾಲ್ಕು ಗಂಟೆಗೆ ಸಮಿತಿಯವರೆಲ್ಲ ಬಂದು ನಿಂತರು, ಗೂಳಪ್ಪನೂ ಬಂದಿದ್ದ. ಎಂಜಿನ್ ಮೂರು ಸಲವೂ ಪೂರ್ತಿ ವೇಗದಲ್ಲಿ ಹೊಳೆ ದಾಟಿ ಬಂತು, ಒಮ್ಮೆಯೂ ಕೆಮ್ಮಲಿಲ್ಲ. ಏನು ಕೆಟ್ಟಿತ್ತು ಎಂದು ಕಾಶಪ್ಪ ಕೇಳಿದ. "ಕಸ ಸಿಕ್ಕಿತ್ತು," ಎಂದಳು.

"ಗೆದ್ಲಪಾ ನಿನ್ನ ಹೇಣ್ತಿ. ಚಹಾ ಕುಡಸು," ಎಂದು ಕಾಶಪ್ಪ ರಾಜಕುಮಾರನ ಬೆನ್ನು ಚಪ್ಪರಿಸಿದ. ರಾಜಕುಮಾರ ತಾನೇ ಹೋಗಿ ಚಹಾ ತಂದು, ಎಲ್ಲರೆದುರು ಮೊದಲ ಲೋಟವನ್ನು ಅವಳಿಗೆ ಕೊಟ್ಟ. ಪೂರ್ಣಿಮಾ ಲೋಟದೊಳಗೆ ನೋಡಿದಳು. ಕುಡಿಯದೆ ಹಾಗೇ ತಿರುಗಿಸಿ ಅವನ ಕೈಗೆ ಕೊಟ್ಟಳು.

"ಮೊದಲ ನೀವು ಕುಡೀರಿ."

ಬೋರವ್ವ ಸೆರಗು ಬಾಯಿಗಿಟ್ಟು ನಕ್ಕಳು. "ಎಷ್ಟ ಪ್ರೀತಿ ನೋಡ್ರಿ, ಮಂದಿ ಮುಂದ," ಎಂದಳು. ನಿಂತವರೆಲ್ಲ ನಕ್ಕರು. ರಾಜಕುಮಾರ ಸುಡುವ ಚಹಾವನ್ನು ಒಂದು ಗುಟುಕು ಕುಡಿದ. ಅದು ಅವನ ಗಂಟಲಿನಿಂದ ಇಳಿಯುವವರೆಗೂ ನೋಡುತ್ತಿದ್ದು, ಆಮೇಲೆ ಪೂರ್ಣಿಮಾ ಲೋಟಕ್ಕೆ ಕೈ ಚಾಚಿದಳು.