ನಗ್ಮಾಳ ಟಿವಿಗೆ ಬಾರದ ಮುಖ

ಅಬ್ದುಲ್ ರಹೀಂ ಸಾಹೇಬರು ಬೆಳಗಿನ ನಮಾಜಿನ ಹೊತ್ತಿಗೆ ತೀರಿಕೊಂಡರು. ಮಧ್ಯಾಹ್ನದ ನಮಾಜಿಗೆ ಶವ ಹೊತ್ತ ಜನಾಜಾ ಮಸೀದಿ ಸೇರಬೇಕು. ಅಷ್ಟರೊಳಗೆ ಗಲ್ಫಿನಲ್ಲಿರುವ ಮಗಳು ನಗ್ಮಾಗೆ ತಂದೆಯ ಮುಖ ತೋರಿಸುವ ಕೆಲಸ ಅವಳ ತಮ್ಮ ಫಹೀಮನ ಪಾಲಿಗೆ ಬಂತು. ಬೇರೆ ಯಾರ ಪಾಲಿಗೆ ಬರಬೇಕು? ಚಾಮರಾಜನಗರದಲ್ಲಿ ವೈಫೈ, ಸಿಸಿಟಿವಿ ಅಂಗಡಿ ಇಟ್ಟುಕೊಂಡು ಕುದೇರು, ಚಂದಕವಾಡಿಯ ಮನೆಮನೆಗೂ ನೆಟ್ಟು ಹಾಕಿಕೊಟ್ಟ ಮಹಾನುಭಾವ ಅವನೇ.

ನಗ್ಮಾ ಇರುವಲ್ಲಿ ವಿಡಿಯೊ ಕರೆಗೆ ತಡೆ, ನಮ್ಮ ಚಾನೆಲ್ಲುಗಳೂ ಬರುವುದಿಲ್ಲ. ಅದಕ್ಕೇ ಫಹೀಮ ಗುಂಡ್ಲುಪೇಟೆಯ ಈ ಮನೆಯ ರೂಟರಿನಲ್ಲಿ ವಿಪಿಎನ್ ಎಂಬ ಗುಪ್ತ ದಾರಿ ಕೂರಿಸಿದ್ದ. ಅಕ್ಕನ ಟಿವಿಗೆ ಸಿಕ್ಕಿಸಿದ ಪುಟ್ಟ ಪೆಟ್ಟಿಗೆ ಆ ದಾರಿಯಲ್ಲಿ ಇಲ್ಲಿಗೆ ಬಂದು, ಇಲ್ಲಿಂದ ಲೋಕ ನೋಡುತ್ತಿತ್ತು. ದಿನಾ ಸಂಜೆ ತಂದೆ ಮಗಳು ಅದರಲ್ಲೇ ಜಗಳವಾಡುತ್ತಿದ್ದರು. ಇವತ್ತು ಮಾತ್ರ ಅವಳ ಪರದೆಯ ಮೇಲೆ ಬಿಳಿ ಚಕ್ರ ಸುತ್ತುತ್ತಲೇ ಇತ್ತು.

ತನ್ನ ಫೋನನ್ನು ವಿಡಿಯೊಗೆ ಬಿಟ್ಟು, ಫಹೀಮ ತಾಯಿಯ ಫೋನಿನಿಂದ ಸಾಧಾರಣ ಕರೆ ಮಾಡಿದ. "ಆಪಾ, ಪೆಟ್ಟಿಗೆ ಆಫ್ ಮಾಡಿ ಆನ್ ಮಾಡು."

"ಮಾಡಿದೆ ಕಣೋ. ಸುತ್ತುತ್ತಲೇ ಇದೆ."

"ಪಾಸ್‌ವರ್ಡ್ ಇನ್ನೊಂದು ಸಲ ಹಾಕು."

"ಹಾಕಿ ಹಾಕಿ ಸಾಕಾಯ್ತು ಫಹೀಮ್. ಒಂದು ಫೋಟೊ ಕಳಿಸಿಬಿಡು, ಸಾಕು."

ಫೋಟೊ ಬೇಡವೆಂದು ತಾಯಿ ಫಖ್ರುನ್ನೀಸಾ ಕಡ್ಡಿ ಮುರಿದಂತೆ ಹೇಳಿದ್ದರು. ಗಂಡನ ಹೆಣದ ಚಿತ್ರ ಕಂಡಕಂಡವರ ಫೋನಿನಲ್ಲಿ ತಿರುಗುವುದು ಅವರಿಗೆ ಬೇಕಿರಲಿಲ್ಲ. ಮಗಳು ನೇರವಾಗಿ ನೋಡಲಿ, ಅತ್ತುಕೊಳ್ಳಲಿ.

ಫಹೀಮ ಆ್ಯಪ್ ತೆಗೆಸಿದ, ಮತ್ತೆ ಹಾಕಿಸಿದ, ಕೊನೆಗೆ ಅಕ್ಕನ ಮೇಲೆ ರೇಗಿಯೂ ಬಿಟ್ಟ. ಅವನ ಫೋನಿನಲ್ಲಿ ನೆಟ್ಟು ಸಲೀಸಾಗಿ ಓಡುತ್ತಿತ್ತು. ಅದು ಸಿಮ್ಮಿನದು, ಮನೆಯದಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ರೂಟರ್ ಇದ್ದದ್ದು ಒಳಕೋಣೆಯಲ್ಲಿ. ಅಲ್ಲಿ ಹೆಂಗಸರು ಕುರಾನ್ ಓದುತ್ತ ಕೂತಿದ್ದರು, ಗಂಡಸು ನುಗ್ಗುವ ಜಾಗವಲ್ಲ. ಅಂಗಡಿಯಲ್ಲಿ ಕೂತು ಫೋನಿನಲ್ಲೇ ರಿಪೇರಿ ಮಾಡಿ ರೂಢಿಯಾದವನಿಗೆ ತಪ್ಪು ಯಾವಾಗಲೂ ಆ ಕಡೆಯವರದೇ. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಸುಮ್ಮನೆ ಅಲ್ಲ.

ಪಕ್ಕದ ಟೀ ಅಂಗಡಿಯ ಮಾದಣ್ಣ ಅವನ ಹೆಗಲು ಮುಟ್ಟಿದ. "ಇನ್ ಬುಡ್ಲಾ ಮಗ. ಒತ್ತಾಯ್ತು. ಎಲ್ರೂ ನಿನ್ನೇ ಕಾಯ್ತಾವ್ರೆ ಕಣ."

"ಒಂದ್ ಗಳಿಗೆ ಮಾದಣ್ಣ, ನಿನ್ ಕಾಲಿಗೆ ಬೀಳ್ತೀನಿ."

ಗಳಿಗೆ ಕೊಟ್ಟರು. ಕೊನೆಯ ಸಲ ಮುಖ ನೋಡಲು ಹೆಂಗಸರನ್ನು ಹೊರಗೆ ಹಜಾರದ ಮಂಚದ ಬಳಿಗೆ ಕರೆದರು. ಕೋಣೆ ಖಾಲಿಯಾದದ್ದೇ ಫಹೀಮ ಒಳಗೆ ಓಡಿದ. ರೂಟರಿನಲ್ಲಿ ಒಂದು ದೀಪವೂ ಇರಲಿಲ್ಲ. ಟಿವಿಯ ಸ್ವಿಚ್ಚು, ಅದರ ಪಕ್ಕದ ರೂಟರಿನ ಸ್ವಿಚ್ಚು, ಎರಡೂ ಆರಿದ್ದವು.

ಬಾಗಿಲಲ್ಲಿ ಹಿಂದುಳಿದಿದ್ದ ಸೋದರತ್ತೆ ಹೇಳಿದರು, "ಬೆಳಿಗ್ಗೆ ನಾನೇ ಆರಿಸಿದೆ ಬೇಟಾ. ಸಾವಿನ ಮನೇಲಿ ಟಿವಿ ಹಾಕಬಾರದಲ್ಲ. ಯಾಕೆ, ಏನಾಯ್ತು?"

ಫಹೀಮ ಸ್ವಿಚ್ಚು ಒತ್ತಿ ರೂಟರಿನ ಮುಂದೆ ಮಂಡಿಯೂರಿದ. ದೀಪ ಕೆಂಪಾಗಿ ಮಿನುಗಿತು. ಹೊರಗೆ ಮುಖದ ಮೇಲೆ ಕಫನ್ ಬಟ್ಟೆ ಎಳೆದು ಗಂಟು ಕಟ್ಟಿದರು. ದೀಪ ಇನ್ನೂ ಮಿನುಗುತ್ತಿತ್ತು. ಮಗ ಹಿಂದಿನಿಂದ ಬರಲಿ ಎಂದು ಹೊರಗೆ ಜನಾಜಾ ಎತ್ತಿದರು, ಕಲಿಮಾ ಮೊಳಗಿತು, ಫಖ್ರುನ್ನೀಸಾ ಗೋಳೋ ಎಂದು ಅತ್ತರು. ಅಪ್ಪನಿಗೆ ಹೆಗಲು ಕೊಡುವುದನ್ನೂ ಬಿಟ್ಟು ಮಗ ಒಂದು ಡಬ್ಬಿಗೆ ಕೈಮುಗಿದು ಕೂತಿದ್ದ.

ಕಡೆಗೆ ದೀಪ ಹಸಿರಾಯಿತು.

"ಬಂತು! ಬಂತು ಫಹೀಮ್!" ನಗ್ಮಾ ಕೂಗಿದಳು.

ಅವನು ತನ್ನ ಫೋನು ಎತ್ತಿ ಹಿಡಿದು ಹಜಾರಕ್ಕೆ ಓಡಿದ. ಮಂಚ ಖಾಲಿಯಿತ್ತು, ಜನಾಜಾ ಆಗಲೇ ಬೀದಿಯ ತಿರುವು ದಾಟಿತ್ತು.

"ಮಂಚ ಚೆನ್ನಾಗಿ ಕಾಣ್ತಿದೆ ಕಣೋ," ಎಂದಳು ನಗ್ಮಾ. "ಅಬ್ಬಾನ ಎಲ್ಲಿ ಮಲಗಿಸಿದ್ದೀರಿ?"