ಡಾಕ್ಟ್ರು ಯಾವಾಗ್ ಬತ್ತರೆ?

ಎತ್ತು ಒದ್ದ ರಭಸಕ್ಕೆ ಪದ್ಮಿನಿ ಕೊಟ್ಟಿಗೆಯ ಗೋಡೆಗೆ ಬಡಿದು ಬಿದ್ದಳು. ತುಟಿ ಒಡೆದು ಬಾಯೆಲ್ಲ ರಕ್ತವಾಯಿತು. ಕಾಡುಹಂದಿ ಸೀಳಿದ ಹೊಟ್ಟೆಯಿಂದ ಎತ್ತಿನ ಕರುಳು ಜಾರಿ ಸಗಣಿಗೆ ತಾಗುತ್ತಿತ್ತು.

"ಡಾಕ್ಟ್ರು ಯಾವಾಗ್ ಬತ್ತರವ್ವ?" ಎತ್ತಿನ ಯಜಮಾನ ಚೆನ್ನಯ್ಯ ಕಿರುಚಿದ.

ಲೊಕ್ಕನಹಳ್ಳಿಗೆ ಪಶುವೈದ್ಯೆಯಾಗಿ ಬಂದು ವರ್ಷ ಕಳೆದಿದ್ದರೂ ಪದ್ಮಿನಿ ಹೋದಲ್ಲೆಲ್ಲ ಎದುರಾಗುವ ಈ ಪ್ರಶ್ನೆಯನ್ನು ಒಮ್ಮೆಯೂ ತಿದ್ದಿರಲಿಲ್ಲ. 'ಆಸ್ಪತ್ರೆಯಿಂದ ಬಂದಿದ್ದೀನಿ' ಎನ್ನುತ್ತಿದ್ದಳೇ ಹೊರತು ಡಾಕ್ಟರ್ ಎಂಬ ಪದ ಬಾಯಿಗೆ ಬರುತ್ತಿರಲಿಲ್ಲ. ತಾನು ಪಾಸಾದದ್ದೇ ಯಾರದೋ ಕಣ್ತಪ್ಪಿನಿಂದ ಎಂದು ಅವಳು ನಂಬಿದ್ದಳು. ಅದಕ್ಕೇ ಕೊಳ್ಳೇಗಾಲದ ಕಚೇರಿಯಲ್ಲಿ ಒಂದು ಕುರ್ಚಿ ಕೊಡಿಸಿ ಎಂದು ಮೇಲಧಿಕಾರಿಯನ್ನು ಬೇಡಿಕೊಂಡಿದ್ದಳು.

"ಇದರ ನರಳಾಟ ನೋಡಕಾಗಕಿಲ್ಲ. ನಾನೇ ಮುಗುಸ್ಬುಡ್ತೀನಿ," ಎಂದು ಚೆನ್ನಯ್ಯ ಅಳುತ್ತಲೇ ಮಚ್ಚು ಎತ್ತಿದ.

ಪದ್ಮಿನಿ ನೆಗೆದು ಅವನ ಕೈ ತಿರುಚಿದಳು. ಮಚ್ಚು ಕೆಳಗೆ ಬಿತ್ತು.

"ನಾನೇ ಕಣಯ್ಯ ಡಾಕ್ಟ್ರು! ಅತ್ಕೊಂಡ್ ನಿಂತ್ಕೋಬ್ಯಾಡ, ಕಾಲು ಕಟ್ಟು!"

ಚೆನ್ನಯ್ಯ ಹಗ್ಗ ತಂದು ಕಾಲು ಕಟ್ಟಿದ. ಅವಳು ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿದಳು, ಕರುಳು ತೊಳೆದಳು, ಮೊಣಕೈವರೆಗೆ ರಕ್ತದಲ್ಲಿ ಮುಳುಗಿ ಅದನ್ನು ಒಳಗೆ ತುಂಬಿ ಹೊಟ್ಟೆ ಹೊಲಿದಳು. ಸಂಜೆ ಹೊತ್ತಿಗೆ ಹಗ್ಗ ಬಿಚ್ಚಿದಾಗ ಎತ್ತು ನಡುಗುತ್ತ ಎದ್ದು ನಿಂತು ಅವಳತ್ತ ಮತ್ತೊಮ್ಮೆ ಕಾಲು ಬೀಸಿತು.

"ಒದಿತದೆ ಅಂದ್ರೆ ಬದುಕ್ತದೆ ಬುಡಿ, ಡಾಕ್ಟ್ರೇ," ಎಂದ ಚೆನ್ನಯ್ಯ.

ಆಗಲೇ ಮೇಲಧಿಕಾರಿಯ ಫೋನ್ ಬಂತು. "ನೀನು ಕೇಳಿದ್ದ ಕುರ್ಚಿ ಖಾಲಿಯಾಯ್ತಮ್ಮ. ನಾಳೆನೇ ಬಂದು ಕೂತ್ಕೊ."

ಪದ್ಮಿನಿ ಹೊಲಿಗೆಯ ಮೇಲೆ ಕೂತ ನೊಣ ಓಡಿಸಿದಳು.

"ಬರಲ್ಲ ಸಾರ್."