ಯಾರ ಕೈಯಾದರೇನು

"ಹನ್ನೊಂದು ಸಾವಿರ ಲೈಕು ಕಣೇ ಸೈರಾ, ಹನ್ನೊಂದು ಸಾವಿರ!" ಎಂದು ತಾಲಾಯ್ ತಂಗಿಯ ಮೂಗಿನ ಮುಂದೆ ಫೋನು ಹಿಡಿದ. ನರೀನ್ ಪಟ್ಟಣದ ನೆಂಟರೆಲ್ಲ ಅವನನ್ನು ಹೊಗಳಲೆಂದೇ ಬಂದು ಕೂತಿದ್ದರು. ಅಡುಗೆಮನೆಯಲ್ಲಿ ಬೂರ್ಸೋಕ್ ಎಂಬ ಕರಿದ ತಿಂಡಿಗೆ ಹಿಟ್ಟು ನಾದುತ್ತಿದ್ದ ಅವನ ಹೆಂಡತಿ ಬುರುಲ್ ಹಿಟ್ಟಿಗೆ ಒಂದು ಗುದ್ದು ಕೊಟ್ಟಳು.

ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ? ಪೆಸಿಫಿಕ್ಕಿನ ಒಂದು ಪುಟ್ಟ ದ್ವೀಪದ ಹ್ಯಾಮ್ ರೇಡಿಯೋದವನನ್ನು ಸಂಪರ್ಕಕ್ಕೆ ಹಿಡಿಯಲು ಮೂರು ವರ್ಷ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತವಳು ಅವಳು. ಹೋದ ಭಾನುವಾರ ಅವನು ಸಿಕ್ಕಾಗ ಚುಕ್ಕೆ-ಗೆರೆಗಳ ಮೋರ್ಸ್ ಭಾಷೆಯಲ್ಲಿ ಕೀ ಬಡಿದವಳೂ ಅವಳೇ. ತಾಲಾಯನಿಗೆ ಮೋರ್ಸಿನಲ್ಲಿ ತನ್ನ ಹೆಸರು ಬಡಿಯಲೂ ಬಾರದು. ಅವಳು ರೆಕಾರ್ಡ್ ಮಾಡಿಟ್ಟ ಸದ್ದಿಗೆ ತನ್ನ ಮೋರೆ, ತನ್ನ ಕೈ ಅಂಟಿಸಿ ಇನ್‌ಸ್ಟಾಗ್ರಾಮಿಗೆ ಹಾಕಿದ್ದ. ಗೋಡೆಯ ಮೇಲಿದ್ದ ರೇಡಿಯೋ ಲೈಸೆನ್ಸಿನಲ್ಲಿ ಅವಳ ಹೆಸರಿಗೆ ಸರಿಯಾಗಿ ತನ್ನ ಟೋಪಿ ಅಡ್ಡ ಬರುವಂತೆ ಕೂತಿದ್ದ, ಖದೀಮ!

ಅದನ್ನಾದರೂ ನುಂಗಿಕೊಳ್ಳುತ್ತಿದ್ದಳೇನೋ. ಬೆಳಿಗ್ಗೆ ಅಲ್ಮಾಟಿಯ ಓರಾಲ್‌ಬೆಕ್ ಆ ವಿಡಿಯೊದ ಕೆಳಗೆ ಒಂದು ಸಾಲು ಬರೆದಿದ್ದ. ಹದಿನೆಂಟು ವರ್ಷ ಮುಖ ನೋಡದೆ ಮೋರ್ಸಿನಲ್ಲೇ ಅವಳೊಂದಿಗೆ ಮಾತಾಡಿದ ಮುದುಕ. "ಈ ಕೈ ನಿನ್ನದಲ್ಲ ತಮ್ಮಾ. ಕೊನೆಯ ಗೆರೆಯನ್ನು ಹೀಗೆ ಎಳೆಯುವವಳು ಬುರುಲ್ ಒಬ್ಬಳೇ. ಎಲ್ಲಿ ನನ್ನ ತಂಗಿ?" ಅವಳು ಎರಡು ಸಲ ಓದಿ, ಚಹ ಇಳಿಸಿ ಬರುವಷ್ಟರಲ್ಲಿ ಆ ಸಾಲು ಮಾಯ.

"ಅಳಿಸಿದ್ಯಾ?" ಎಂದು ಕೇಳಿದ್ದಳು.

"ಜನಕ್ಕೆ ಸುಮ್ನೆ ಗೊಂದಲ. ಯಾರ ಕೈಯಾದ್ರೇನು, ಮನೆ ರೇಡಿಯೋ ತಾನೆ?"

ಇಷ್ಟು ವರ್ಷದಲ್ಲಿ ಅವಳನ್ನು ಅವಳೆಂದು ಗುರುತು ಹಿಡಿದವನು ಒಬ್ಬ. ಅದನ್ನೂ ಇವನು ಒಂದು ಬೆರಳಲ್ಲಿ ಒರೆಸಿ ಹಾಕಿದ್ದ.

"ಅಣ್ಣಾ, ಲೈವ್ ಹೋಗೋಣ! ನೀನು ಕೂತ್ಕೋ, ಫೋನು ನಾನು ಹಿಡೀತೀನಿ," ಎಂದಳು ಸೈರಾ. ತಾಲಾಯ್ ಟೋಪಿ ಸರಿಮಾಡಿಕೊಂಡು ರೇಡಿಯೋದ ಮುಂದೆ ಕೂತ. ಬುರುಲ್ ಹಿಟ್ಟಿನ ಕೈಯಲ್ಲೇ ಬಂದು ಸ್ವಿಚ್ ಒತ್ತಿದಳು.

"ಹೂಂ, ಬಡಿ."

"ಈಗ ಬೇಡ. ಹವೆ ಸರಿ ಇಲ್ಲ."

"ಹವೆಗೇನು ಬಂತು ರೋಗ? ನಿನ್ನ ಹೆಸರು ಬಡಿ, ಸಾಕು. ಊರೆಲ್ಲ ನೋಡ್ತಿದೆ."

"ಯಾಕತ್ತಿಗೆ ಇಷ್ಟು ಸಿಟ್ಟು?" ಎಂದು ಸೈರಾ ನಕ್ಕಳು. ಯಾರೂ ಜೊತೆಗೆ ನಗಲಿಲ್ಲ. ತಾಲಾಯ್ ಕೀಯನ್ನು ನಾಲ್ಕು ಸಲ ಕುಟ್ಟಿ ಕೈ ತೆಗೆದ. ಅವನ ಕಿವಿ ಕೆಂಪಾಗಿತ್ತು.

"ಏಳು," ಎಂದಳು ಬುರುಲ್.

ಅವಳು ಕೂತು ಕೀ ಬಡಿದಳು. ಓರಾಲ್‌ಬೆಕ್‌ನ ಕರೆಗುರುತು, ಆಮೇಲೆ ತನ್ನದು, ಕೊನೆಯ ಗೆರೆ ಒಂಚೂರು ಉದ್ದ. ಎರಡು ಸಲ ಕರೆದಳು. ಮೂರನೆಯದಕ್ಕೆ ಸ್ಪೀಕರಿನಲ್ಲಿ ಗೊರಗೊರ ಸದ್ದಿನ ನಡುವೆ ಮುದಿಕೈಯ ನಿಧಾನದ ಉತ್ತರ ಬಂತು: ಬುರುಲ್, ಬಂದೆಯಾ? ಗಾಬರಿಯಾಗಿತ್ತಮ್ಮ.

ಅವಳ ಕಣ್ಣು ತುಂಬಿತು, ಸಿಟ್ಟೇನೂ ಇಳಿಯಲಿಲ್ಲ.

"ಏನಂತೆ ಅತ್ತಿಗೆ?"

"ನಿಮ್ಮಣ್ಣನ್ನ ಕೇಳು."

ಸೈರಾ ಫೋನನ್ನು ಅಣ್ಣನ ಮುಖಕ್ಕೆ ತಿರುಗಿಸಿದಳು. ನೆಂಟರೂ ಅತ್ತ ತಿರುಗಿದರು. ತಾಲಾಯ್ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ. ಕೀಯ ಗುಂಡಿಗೆ ಅಂಟಿದ ಹಿಟ್ಟು ಆಗಲೇ ಒಣಗತೊಡಗಿತ್ತು. ಬುರುಲ್ ಅದನ್ನು ಒರೆಸದೆ ಉತ್ತರ ಬಡಿಯತೊಡಗಿದಳು.